‘ಸ್ಲೋಲಿ’ ಯಾವ ಪದ?

ಮೂವತ್ತೆಂಟು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿದ ಮುಳಗುಂದ ಮಾಸ್ತರರಿಗೆ ಪಾರ್ಶ್ವವಾಯು ಬಡಿದು, ಮಾತು ನಿಂತು ಮೂರು ತಿಂಗಳಾಗಿತ್ತು. “ಮಾತು ಮರಳಬಹುದು, ಮಾತಾಡಿಸ್ತಾ ಇರ್ರಿ” ಎಂದಿದ್ದರು ಡಾಕ್ಟರು. ಹೆಂಡತಿ ಅಂಬಕ್ಕ ದೇವರನಾಮ ಹಾಡಿದರು, ಪೇಪರ್ ಓದಿದರು, ಹಳೆಯ ಜಗಳಗಳನ್ನೂ ಕೆದಕಿ ನೋಡಿದರು. ಮಾಸ್ತರರು ಕಿಟಕಿಯಾಚೆ ನೋಡುತ್ತ ಸುಮ್ಮನೆ ಮಲಗಿದ್ದರು.

ಒಂದು ಬೆಳಿಗ್ಗೆ ಅಂಬಕ್ಕ ಬೇಕೆಂದೇ ಅವರ ಮಂಚದ ಪಕ್ಕ ಮೊಮ್ಮಗಳು ಸಂಪದಾಳಿಗೆ ಇಂಗ್ಲಿಷ್ ವ್ಯಾಕರಣದ ಹೋಂವರ್ಕ್ ಮಾಡಿಸಲು ಕೂತರು.

“ಅಜ್ಜಿ, ‘ಮ್ಯಾಂಗೋ’ ಏನು?”

“ವರ್ಬ್. ಬರಕೋ.”

“ಮಾವಿನಹಣ್ಣು ಹೆಂಗ ವರ್ಬ್ ಆಗ್ತದ?”

“ಗಿಡದಿಂದ ಬೀಳ್ತದಲಾ, ಅದಕ್ಕ.”

ಸಂಪದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂಬಕ್ಕನಿಗೂ ನಗು ತಡೆಯಲಾಗಲಿಲ್ಲ. ಓರೆಗಣ್ಣಲ್ಲಿ ನೋಡಿದರೆ, ಮಾಸ್ತರರ ಎಡಗೈ ಹೊದಿಕೆಯನ್ನು ಹಿಂಡುತ್ತಿತ್ತು. ಅಂಬಕ್ಕ ಬೇಗನೆ ಮುಂದಿನ ಪದಕ್ಕೆ ಬೆರಳಿಟ್ಟರು.

“ಮತ್ತ ‘ಸ್ಲೋಲಿ’?”

“ಅದು ನೌನ್. ನಿಮ್ಮ ಅಜ್ಜನೇ ಕಲಿಸ್ಯಾರ ನನಗ.”

“ಅಡ್... ಅಡ್ವರ್ಬ್!” ಮಂಚದ ಮೇಲಿಂದ ಗುಡುಗು ಬಂತು. “ನಾ ಯಾವಾಗ ಹಂಗ ಕಲಿಸೀನಿ, ಸುಳ್ಳಬುರಕಿ?”