ಸೆರಗಿಗೆ ಚುಚ್ಚಿದ ಪಿನ್ನು

2023ರ ನವೆಂಬರ್ 9, ಗುರುವಾರ. ಬೆಳಗ್ಗೆ 11 ಗಂಟೆ 20 ನಿಮಿಷ...

ದೀಪಾವಳಿಗೆ ಮೂರೇ ದಿನ. ಬಾಗಲಕೋಟೆ ಕಡೆಯ ಒಂದು ಸಣ್ಣ ಊರು. ಬಜಾರದ ಹಿಟ್ಟಿನ ಗಿರಣಿಯ ಮುಂದೆ ಡಬ್ಬಿಗಳ ದೊಡ್ಡ ಸಾಲು.

ಸಾಲಿನ ಮುಂದೆ ಬಸಲಿಂಗವ್ವ. ಪಕ್ಕದಲ್ಲಿ ಅವಳ ಹೊಸ ಸೊಸೆ ಸುಮಂಗಲಾ.

ಸೊಸೆಯ ತಲೆಯ ಮೇಲಿನ ಸೆರಗು ಗಾಳಿಗೂ ಜಾರುವಂತಿರಲಿಲ್ಲ. ಮನೆ ಬಿಡುವಾಗ ಬಸಲಿಂಗವ್ವನೇ ತುರುಬಿಗೊಂದು, ಹೆಗಲಿಗೊಂದು ಪಿನ್ನು ಚುಚ್ಚಿದ್ದಳು... ಯಾರ ಕಣ್ಣಿಗೂ ಬೀಳದಂತೆ, ಮಡಿಕೆಯ ಒಳಗೆ.

"ಬಜಾರದಾಗ ಸೆರಗ ಜಾರಿದ್ರ ಮಂದಿ ನಿನಗ ಅನ್ನಂಗಿಲ್ಲ, ನನಗ ಅಂತಾರ" ಎಂದಿದ್ದಳು.

ಗಿರಣಿ ನಡೆಸುವವಳು ಶಿವಲೀಲಾ. ಪ್ಯಾಂಟು, ಟೀ ಶರ್ಟಿನ ಮೇಲೊಂದು ಖಾಕಿ ಅಂಗಿ, ಟೋಪಿಯೊಳಗೆ ತುರುಕಿದ ಕೂದಲು.

ಬಸಲಿಂಗವ್ವ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಏನಬೇ ಶಿವಲೀಲಾ, ಮನ್ಯಾಗ ಒಂದ ಸೀರಿ ಇಲ್ಲೇನು? ನಾಚಿಗಿ ಅನ್ನೂದನ್ನ ಜ್ವಾಳದ ಜೋಡಿ ಬೀಸಿಬಿಟ್ಟಿ ಏನು?"

ಸಾಲಿನಲ್ಲಿದ್ದವರು ನಕ್ಕರು.

"ಬೀಸಿದ್ರ ಹಿಟ್ಟರ ಬರ್ತಿತ್ತಲ್ರಿ ಅವ್ವಾರ" ಎಂದು ಶಿವಲೀಲಾಳೂ ನಕ್ಕಳು. ಆದರೆ ಆಮೇಲೆ ಅವಳು ತಲೆ ಎತ್ತಿ ಯಾರನ್ನೂ ನೋಡಲಿಲ್ಲ...

ಬಸಲಿಂಗವ್ವನ ಜೋಳ ಗಿರಣಿಗೆ ಬಿತ್ತು. ಆ ಊರಿನಲ್ಲಿ ತಮ್ಮ ಹಿಟ್ಟು ಬೀಳುವಾಗ ಹೆಂಗಸರು ಮುಂದೆ ನಿಂತು ಕಾಯುತ್ತಾರೆ, ಬೇರೆಯವರ ಹಿಟ್ಟು ಬೆರೆಯಬಾರದು ಅಂತ.

"ಮುಂದ ಹೋಗಿ ನಿಂದರವಾ" ಎಂದು ಸೊಸೆಯ ಬೆನ್ನು ತಳ್ಳಿದಳು ಬಸಲಿಂಗವ್ವ.

ನೆಲದಲ್ಲಿ ಹಳದಿ ಗೆರೆಯಿತ್ತು. ಅದರಾಚೆ ರಪರಪ ಓಡುವ ಬೆಲ್ಟು.

"ತಂಗೀ, ಗೆರಿ ದಾಟಬ್ಯಾಡ! ಸೆರಗ ಇಳಿಸಿ ಸೊಂಟಕ್ಕ ಸಿಗಿಸ್ಕೋ!" ಶಿವಲೀಲಾ ಕೂಗಿದಳು.

ಸುಮಂಗಲಾಳ ಕೈ ಸೆರಗಿನತ್ತ ಹೋಯಿತು... ಅಲ್ಲೇ ನಿಂತಿತು. ಅವಳು ಅತ್ತೆಯ ಮುಖ ನೋಡಿದಳು.

"ಆಕಿಗಿ ನಾಚಿಗಿ ಇಲ್ಲಂದ್ರ ನಿನಗೂ ಇಲ್ಲೇನು?" ಎಂದಳು ಬಸಲಿಂಗವ್ವ.

ಕೈ ಕೆಳಗಿಳಿಯಿತು.

ಸುಮಂಗಲಾ ಹಿಟ್ಟು ನೋಡಲು ಗೆರೆಯಾಚೆ ಬಾಗಿದಳು. ಸೆರಗಿನ ತುದಿ ಒಮ್ಮೆ ಹಾರಿತು...

ಗಿರಣಿಯ ಸದ್ದು ಬದಲಾಯಿತು.

ಬಸಲಿಂಗವ್ವ ತಿರುಗಿ ನೋಡುವಷ್ಟರಲ್ಲಿ ಬೆಲ್ಟಿಗೆ ಸಿಕ್ಕಿದ ಸೆರಗು ಬಿಗಿದು, ಸೊಸೆ ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು ಬೆಲ್ಟಿನತ್ತ ಜಾರುತ್ತಿದ್ದಳು. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ.

ಶಿವಲೀಲಾ ಸ್ವಿಚ್ಚಿಗೆ ಹೊಡೆದಳು. ಆದರೆ ಸ್ವಿಚ್ಚು ಆರಿಸಿದ ಕೂಡಲೇ ಗಿರಣಿ ನಿಲ್ಲುವುದಿಲ್ಲ. ಭಾರದ ಕಲ್ಲು ಹಿಂದಿನ ವೇಗದಲ್ಲೇ ಇನ್ನಷ್ಟು ಸುತ್ತು ತಿರುಗುತ್ತದೆ... ಅದರ ಜೊತೆ ಬೆಲ್ಟೂ. ಸೆರಗು ಮಾತ್ರ ಹೆಗಲು ಬಿಟ್ಟು ಕಳಚಲಿಲ್ಲ.

"ಅವ್ವಾರ, ಪಿನ್ನು! ಪಿನ್ನು ತಗೀರಿ!"

ಬಸಲಿಂಗವ್ವ ಸೊಸೆಯ ಹೆಗಲನ್ನು ತಡಕಾಡಿದಳು. ಮಡಿಕೆ ಸಿಕ್ಕಿತು, ಪಿನ್ನು ಸಿಗಲಿಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ಚುಚ್ಚಿದವಳು ಅವಳೇ. ಈಗ ಅವಳ ಬೆರಳಿಗೇ ಸಿಗುತ್ತಿಲ್ಲ...

ಶಿವಲೀಲಾ ಅವಳನ್ನು ಪಕ್ಕಕ್ಕೆ ನೂಕಿದಳು. ಒಂದು ಕೈಯಿಂದ ಸುಮಂಗಲಾಳ ಸೊಂಟದ ನಿರಿಗೆ ಕಿತ್ತಳು. ಇನ್ನೊಂದು ಕೈಯನ್ನು ಹೆಗಲಿಗೆ ಹಾಕಿ ಜಗ್ಗಿದಳು. ಪಿನ್ನಿನ ಸಮೇತ ರವಿಕೆ ಹರಿಯಿತು. ತುರುಬಿನ ಪಿನ್ನು ಒಂದು ಹಿಡಿ ಕೂದಲನ್ನೇ ಕಿತ್ತುಕೊಂಡು ಹೋಯಿತು.

ಸೀರೆ ಹಾವಿನಂತೆ ಸರಸರ ಬೆಲ್ಟಿನೊಳಗೆ ಹೋಯಿತು... ಸುಮಂಗಲಾ ನೆಲಕ್ಕೆ ಬಿದ್ದಳು.

ಗಿರಣಿ ನಿಂತಿತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ... ಒಂದು ಕೆಮ್ಮು. ಇನ್ನೊಂದು ಕೆಮ್ಮು.

ಬದುಕಿದ್ದಳು!

ಲಂಗ, ಹರಿದ ರವಿಕೆ, ಮೈತುಂಬ ಹಿಟ್ಟು. ನಡುಬಜಾರದಲ್ಲಿ ಕೂತು ಉಸಿರು ಎಳೆದುಕೊಳ್ಳುತ್ತಿದ್ದಳು.

ಆಗ ಸಾಲಿನಿಂದ ಒಂದು ಗಂಡು ದನಿ ಬಂತು. "ಏನ್ ಕಾಲ ಬಂತಪಾ... ಮಂದಿ ಮುಂದ ಹಿಂಗ ಕುಂತಾಳಲ್ಲ, ನಾಚಿಗಿ ಬ್ಯಾಡಾ?"

ಯಾರೋ ಫೋನ್ ಎತ್ತಿ ಹಿಡಿದರು.

ಬಸಲಿಂಗವ್ವ ಆ ದನಿಯತ್ತ ತಿರುಗಿದಳು. ಅದು ಅವಳದೇ ಮಾತು. ಸ್ವಲ್ಪ ಹೊತ್ತಿನ ಮುಂಚೆ ನಗುನಗುತ್ತಾ ಆಡಿದ ಮಾತು... ಈಗ ತನ್ನ ಮನೆಯ ಹುಡುಗಿಯ ಮೈಮೇಲೆ ಬಂದು ಬಿದ್ದಿತ್ತು.

"ಫೋನ್ ಇಳಸೋ!" ಅವಳು ಚೀರಿದಳು. "ನನ್ನ ಸೊಸಿ ಜೀವಂತ ಅದಾಳ. ಕಣ್ಣಿದ್ರ ಅದನ್ನ ನೋಡ್ರಿ!"

ಫೋನು ಕೆಳಗಿಳಿಯಿತು.

ಶಿವಲೀಲಾ ತನ್ನ ಖಾಕಿ ಅಂಗಿ ಬಿಚ್ಚಿ ಸುಮಂಗಲಾಳಿಗೆ ಹೊದಿಸಿದಳು.

ಬಸಲಿಂಗವ್ವ ಮಂಡಿಯೂರಿ ಕೂತು ಆ ಅಂಗಿಯ ಗುಂಡಿ ಹಾಕತೊಡಗಿದಳು. ಕಣ್ಣೀರಿಗೆ ಕಾಜವೇ ಕಾಣುತ್ತಿರಲಿಲ್ಲ...

"ಶಿವಲೀಲಾ..." ಎಂದಳು.

"ಇರಲಿ ಬಿಡ್ರಿ ಅವ್ವಾರ. ಮೊದಲ ಆಕಿಗಿ ನೀರ ಕುಡಸ್ರಿ. ಆಮ್ಯಾಗ ದವಾಖಾನಿಗಿ ಹೋಗೂಣು, ಕುತಗಿ ತೋರಸೂಣು" ಎಂದಳು ಶಿವಲೀಲಾ.

ಆ ದಿನ ಮೂವರೂ ಬಜಾರದಲ್ಲಿ ನಡೆದು ಹೋದರು. ಸೊಸೆ ಖಾಕಿ ಅಂಗಿಯಲ್ಲಿ, ಬರಿ ತಲೆಯಲ್ಲಿ. ಅತ್ತೆ ಅವಳ ಕೈ ಹಿಡಿದುಕೊಂಡಿದ್ದಳು... ಅಂಗಡಿ ಕಟ್ಟೆಯಿಂದ ಯಾರು ಏನೆಂದರೂ ತಲೆ ತಗ್ಗಿಸಲಿಲ್ಲ.

ಹೆಣ್ಣಿನ ಬಟ್ಟೆಯ ಬಗ್ಗೆ ನಾವಾಡುವ ಚುಚ್ಚುಮಾತೂ ಒಂದು ಪಿನ್ನೇ... ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲೂ ಅದು ಅವಳನ್ನು ಬಿಡುವುದಿಲ್ಲ.

ನಿಮ್ಮ ಯಾವ ಮಾತು, ಯಾರ ಹೆಗಲಿಗೆ ಇನ್ನೂ ಚುಚ್ಚಿಕೊಂಡಿದೆ? ಇವತ್ತೇ ಅದನ್ನು ತೆಗೆಯಬಹುದಲ್ಲವೇ?

ಸಂಜೆ ಬೆಲ್ಟಿನಿಂದ ಬಿಡಿಸಿ ತೆಗೆದ ಸೀರೆಯ ಉದ್ದ: ಐದೂವರೆ ಮೀಟರ್... ಇಡೀ ಸೀರೆ.