ಮೇಲೆದ್ದ ಬಲಗೈ

"ಅಯ್ಯಮ್ಮಾ, ಸತ್ತೆ! ಬಿಡ್ರೀ!" ಎಂದು ಮೆಕ್ಯಾನಿಕ್ ಅರಚಿದ. ಫಿಸಿಯೋಥೆರಪಿಸ್ಟ್ ಬಿಡಲಿಲ್ಲ. ಅವನ ಹೆಗಲಲ್ಲಿ ಕಲ್ಲಾಗಿದ್ದ ಗಂಟಿನ ಮೇಲೆ ಹೆಬ್ಬೆರಳು ಊರಿ, ಸ್ನಾಯುವಿನ ಸುತ್ತ ಬಿಗಿದಿದ್ದ ಪೊರೆ ಸಡಿಲವಾಗುವವರೆಗೂ ಒತ್ತಿಯೇ ಹಿಡಿದಳು. "ಆಯ್ತು ಅಣ್ಣ. ಈಗ ಕೈ ಎತ್ತಿ."

ವರ್ಷದಿಂದ ಎದೆಮಟ್ಟಕ್ಕೂ ಏಳದಿದ್ದ ಬಲಗೈ ಸಲೀಸಾಗಿ ನೆತ್ತಿಯ ಮೇಲಕ್ಕೆ ಹೋಯಿತು. "ನೋಡೇ ಪುಟ್ಟಿ!" ಎಂದು ಅವನು ಹಿಗ್ಗಿನಿಂದ, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಗಳತ್ತ ತಿರುಗಿದ.

ಅದೇ ಕೈ ಹಿಂದೊಮ್ಮೆ ಅವಳ ಹಲ್ಲು ಉದುರಿಸಿತ್ತು, ಅವಳಮ್ಮನ ಕಿವಿಯಲ್ಲಿ ರಕ್ತ ಬರಿಸಿತ್ತು. ಕೈ ಏಳದ ಈ ಒಂದು ವರ್ಷ ಮನೆಯಲ್ಲಿ ಯಾರಿಗೂ ಏಟು ಬಿದ್ದಿರಲಿಲ್ಲ. ಪುಟ್ಟಿ ತಲೆ ಮುಚ್ಚಿಕೊಂಡು ಕುರ್ಚಿಯಡಿ ನುಸುಳಿದಳು. ಬಾಗಿಲ ಬಳಿ ಕಾಯುತ್ತಿದ್ದ ಹೆಂಡತಿ ಓಡಿ ಬಂದು ಅಡ್ಡ ನಿಂತಳು. "ಹೊಡೆಯೋದಿದ್ರೆ ನನಗೆ ಹೊಡೀರಿ."

ಹೊಡೆಯಲು ಎತ್ತಿರದ ಆ ಕೈಯನ್ನು ಅವನು ಮೆಲ್ಲಗೆ ಇಳಿಸಿ ಬೆನ್ನ ಹಿಂದೆ ಅಡಗಿಸಿಕೊಂಡ.