ಊರಿಗೆಲ್ಲ ಹೋದ ಪ್ರಶ್ನೆ

ಕಚೇರಿಯ ಫೋನುಗಳೆಲ್ಲ ಒಟ್ಟಿಗೇ ಟಿಣ್ ಎಂದವು. ನಾಳೆರಾಯ ಬೆಚ್ಚಿ ತಲೆಯೆತ್ತಿದ.

ಟಿಣ್ ಎನ್ನಬೇಕಾಗಿದ್ದದ್ದು ಒಂದೇ ಫೋನು, ಎದುರು ಮೇಜಿನ ಭೂತಗನ್ನಡಿಯದು. ಬಸ್ಸು ಎಲ್ಲಿದೆ ಎಂದು ತೋರಿಸುವ ಆ್ಯಪ್ ಅವರದು. ಇವನು ಕೋಡ್ ಬರೆಯುತ್ತಾನೆ, ಅವಳು ಪರೀಕ್ಷಿಸಿ ಜನರಿಗೆ ಬಿಡುತ್ತಾಳೆ. ತಪ್ಪು ಹುಡುಕುವುದರಲ್ಲಿ ಅವಳ ಕಣ್ಣು ಅಂಥದ್ದೆಂದೇ ಆ ಅಡ್ಡಹೆಸರು. ಏನು ಕೇಳಿದರೂ 'ನಾಳೆ' ಎನ್ನುವ ಇವನಿಗೆ ನಾಳೆರಾಯ ಎಂಬ ಹೆಸರು.

ಅವಳಿಗೆ ಹೇಳಬೇಕೆಂದಿದ್ದ ಮಾತನ್ನು ಎರಡು ವರ್ಷ ನುಂಗಿಕೊಂಡಿದ್ದ. ನಿನ್ನೆ ಹೇಗೋ ಗಟ್ಟಿ ಮನಸ್ಸು ಮಾಡಿ, ನಕ್ಷೆಯ ಕೋಡಿನ ನಡುವೆ ಒಂದು ಪ್ರಶ್ನೆ ಅಡಗಿಸಿಟ್ಟ. ಅವಳ ಫೋನಿಗೆ ಮಾತ್ರ ಹೋಗುವಂತೆ. 'ನನ್ನನ್ನು ಮದುವೆ ಆಗ್ತೀಯಾ?' ಕೆಳಗೆ ಎರಡು ಗುಂಡಿ: ಹೂಂ, ಊಹೂಂ.

ಈಗ ಅದು ಊರಿಗೆಲ್ಲ ಹೋಗಿತ್ತು.

"ಯಾರ್ರೀ ಇದು ಮಾಡಿದ್ದು?" ಯಜಮಾನತಿ ಕೋಣೆಯಿಂದ ಹೊರಬಿದ್ದರು. "ಡಿಪೋ ಮ್ಯಾನೇಜರು ಫೋನ್ ಮಾಡಿ, 'ಕ್ಷಮಿಸಿ ಮೇಡಂ, ನನಗಾಗ್ಲೇ ಮದುವೆ ಆಗಿದೆ' ಅಂತಿದ್ದಾರೆ!"

ಅಷ್ಟರಲ್ಲಿ ನಾಳೆರಾಯನಿಗೆ ಅಮ್ಮನ ಕರೆ. "ಲೋ, ಯಾರೋ ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳ್ತಿದ್ದಾರೆ ಕಣೋ. ನಿಮ್ಮಪ್ಪ ಮುಖ ಊದಿಸ್ಕೊಂಡು ಕೂತಿದ್ದಾರೆ."

"ಒತ್ತಬೇಡಮ್ಮ!"

"ಹೂಂ ಅಂತ ಒತ್ತಿಬಿಟ್ಟೆನಲ್ಲೋ."

ಅಮ್ಮ ಒಬ್ಬರೇ ಅಲ್ಲ. ಕಿಟಕಿಯಾಚೆ ಬಸ್ ನಿಲ್ದಾಣದಲ್ಲಿ ಗುರುತು ಪರಿಚಯ ಇಲ್ಲದವರೂ ಒಬ್ಬರಿಗೊಬ್ಬರು ಫೋನ್ ತೋರಿಸಿ ಬಿದ್ದು ಬಿದ್ದು ನಗುತ್ತಿದ್ದರು. ಅವನ ಪರದೆಯ ಮೇಲೆ ಹೂಂಗಳ ಸುರಿಮಳೆ. ಇಡೀ ಊರೇ ಅವನನ್ನು ಕಟ್ಟಿಕೊಳ್ಳಲು ತಯಾರಾಗಿತ್ತು. ಬೇಕಾಗಿದ್ದವಳ ಉತ್ತರ ಮಾತ್ರ ಇನ್ನೂ ಇಲ್ಲ. ಅವಳು ಫೋನನ್ನು ಮಗುಚಿಟ್ಟು, ತುಟಿ ಬಿಗಿಹಿಡಿದು ಕೂತಿದ್ದಳು. ಕೆಲಸ ಹೋದರೆ ಹೋಗಲಿ, ಇವಳು ಮುಖ ತಿರುಗಿಸಿದರೆ ಗತಿಯೇನು?

ಯಜಮಾನತಿ ಅವಳ ಮೇಜಿಗೇ ಬಂದರು. "ಭೂತಗನ್ನಡಿ, ಯಾರ ಕೈವಾಡ ಅಂತ ನೀನೇ ಹುಡುಕು. ಆ ಮಹಾನುಭಾವ ಇವತ್ತೇ ಮನೆಗೆ ಹೋಗ್ಲಿ."

"ಗೊತ್ತಾಗಿದೆ ಮೇಡಂ. ಕರ್ಕೊಂಡೇ ಬರ್ತೀನಿ, ಒಂದು ನಿಮಿಷ."

ಅವರು ಕೋಣೆಗೆ ಮರಳಿದ್ದೇ ತಡ, ನಾಳೆರಾಯ ಎದ್ದು ಬಂದ. ಜೀವಮಾನದಲ್ಲಿ ಮೊದಲ ಸಲ ಅವನು 'ನಾಳೆ' ಎನ್ನಲಿಲ್ಲ.

"ಬರೆದದ್ದು ನಾನೇ. ನಿನಗೊಬ್ಬಳಿಗೇ ಬರೆದಿದ್ದು. ಎಲ್ಲಿ ತಪ್ಪಿದೆನೋ ಗೊತ್ತಾಗ್ತಿಲ್ಲ. ಆದ್ರೆ ಕೇಳಿದ್ದು ಮಾತ್ರ ನಿಜ."

ಭೂತಗನ್ನಡಿಗೆ ಇನ್ನು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನ ಕೈ ಹಿಡಿದು ಯಜಮಾನತಿಯ ಕೋಣೆಯ ಕಡೆ ಎಳೆದಳು.

"ನೀನೆಲ್ಲೂ ತಪ್ಪಿಲ್ಲ ಮಾರಾಯ. ಕೋಡ್ ಪರೀಕ್ಷಿಸುವಾಗ ನಾನು ನಿನ್ನೆಯೇ ಓದಿದೆ. ನನಗೊಬ್ಬಳಿಗೇ ಬಂದಿದ್ರೆ 'ಅಯ್ಯೋ, ಸುಮ್ನೆ ಪರೀಕ್ಷೆಗೆ ಹಾಕಿದ್ದು' ಅಂತ ನೀನು ಜಾರ್ಕೊಳ್ತಿದ್ದೆ. ಅದಕ್ಕೇ ಊರೆಲ್ಲ ಸಾಕ್ಷಿ ಇರ್ಲಿ ಅಂತ ಎಲ್ಲರಿಗೂ ಕಳಿಸಿದ್ದು ನಾನೇ!"